ಒಳ್ಳೆ ಪಿಜ್ಜಾ ತಿನ್ನೋಕೆ ಕೊಡಗಿನಿಂದ ಬೆಂಗಳೂರಿಗೆ ಹೋಗಬೇಕಾ?

ಹೋದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರದ ಕಷ್ಟದ ಬಗ್ಗೆ ಬರೆಯುವಾಗ ನಡುವೆ ಒಂದೇ ಒಂದು ಸಾಲು ಪಿಜ್ಜಾ ಹಿಟ್ಟಿನ ಬಗ್ಗೆ ಹಾಕಿದ್ದೆ. ಅಷ್ಟೇ. ಈ ಸಲ ಬಂದ ಪತ್ರಗಳಲ್ಲಿ ದೋಸೆಯನ್ನು ಕೇಳಿದವರೇ ಇಲ್ಲ, ಎಲ್ಲರಿಗೂ ಪಿಜ್ಜಾನೇ ಬೇಕು. ಸರಿ, ಈ ಸಲ ಪೂರ್ತಿ ಅದೇ ಆಗಲಿ. ಮೊದಲೇ ಒಂದು ಮಾತು. ಇಂಥ ಹೋಟೆಲಿಗೆ ಹೋಗಿ, ಇಂಥದಕ್ಕೆ ಹೋಗಬೇಡಿ ಅಂತ ನಾನು ಇಲ್ಲಿ ಹೆಸರು ಹಿಡಿದು ಬರೆಯುವುದಿಲ್ಲ. ಅಡುಗೆ ಮಾಡುವ ಹುಡುಗ ಕೆಲಸ ಬಿಟ್ಟು ಬೇರೆ ರೆಸಾರ್ಟ್ ಸೇರಿಕೊಂಡರೆ ನನ್ನ ಮಾತು ಮುಂದಿನ ತಿಂಗಳೇ ಸುಳ್ಳಾಗುತ್ತದೆ. ಗುರುತಿಸುವುದು ಹೇಗೆ ಅಂತ ಹೇಳುತ್ತೇನೆ, ಹುಡುಕುವ ಕೆಲಸ ನಿಮ್ಮದು.

ಪ್ರಶ್ನೆ: ಅಕ್ಕ, ನನ್ನ ಮಗ ಎರಡು ವರ್ಷ ಇಟಲಿಯಲ್ಲಿ ಓದಿ ಬಂದಿದ್ದಾನೆ. ಬಂದಾಗಿನಿಂದ ಒಂದೇ ರಾಗ, ಇಲ್ಲಿ ಸಿಗೋದು ಪಿಜ್ಜಾನೇ ಅಲ್ಲ ಅಂತ. 'ಅಥೆಂಟಿಕ್ ಇಟಾಲಿಯನ್' ಅಂತ ಬೋರ್ಡ್ ಹಾಕಿದ ಎರಡು ಕಡೆ ಕರೆದುಕೊಂಡು ಹೋದೆ. ಎರಡೂ ಕಡೆ ಮುಖ ಸಿಂಡರಿಸಿದ. ನನಗೇನೋ ಚೆನ್ನಾಗೇ ಇತ್ತು. ಅವನ ಮಾತಲ್ಲಿ ಏನಾದರೂ ಇದೆಯಾ, ಇಲ್ಲಾ ಬರೀ ಫಾರಿನ್ ಗಾಳಿಯಾ? ಸರಿಯಾದ ಜಾಗ ಗುರುತಿಸೋದು ಹೇಗೆ? (ಓದುಗರು, ಮಡಿಕೇರಿ)

ಸ್ವಲ್ಪ ಗಾಳಿ, ಜಾಸ್ತಿ ನಿಜ. ಬೆಂಗಳೂರಿನಲ್ಲಿ ಯಾರಾದರೂ ನಮ್ಮ ಹಂದಿ ಮಾಂಸದ 'ಕೂರ್ಗ್ ಪಂದಿಕರಿ' ಅಂತ ಬೋರ್ಡ್ ಹಾಕಿ, ನಮ್ಮ ಕಪ್ಪು ಹುಳಿ ಕಾಚಂಪುಳಿ ಬದಲು ಹುಣಸೆಹಣ್ಣು ಹಾಕಿ, ಜೊತೆಗೆ ಅಕ್ಕಿ ತರಿಯ ಕಡಂಬುಟ್ಟು ಅಂತ ರವೆ ಇಡ್ಲಿ ಉಂಡೆ ಕಟ್ಟಿ ಕೊಟ್ಟರೆ ನಿಮಗೆ ಹೇಗಾಗುತ್ತದೆ? ರುಚಿ ಕೆಟ್ಟದಾಗಿರಬೇಕು ಅಂತೇನಿಲ್ಲ. ಪಕ್ಕದ ಟೇಬಲಿನವರು ಚಪ್ಪರಿಸಿ ತಿನ್ನುತ್ತಲೂ ಇರಬಹುದು. ಆದರೆ ಅದು ಪಂದಿಕರಿ ಅಲ್ಲ ಅಂತ ನಿಮ್ಮ ನಾಲಿಗೆಗೆ ಗೊತ್ತು. ನಿಮ್ಮ ಮಗನಿಗೆ ಆಗಿರುವುದೂ ಅದೇ.

ನಮ್ಮ ನಾಲಿಗೆ ಕಲಿತ ಪಿಜ್ಜಾ ಇಟಲಿಯದಲ್ಲ, ಅಮೆರಿಕದ್ದು. 1996ರಲ್ಲಿ ಪಿಜ್ಜಾ ಹಟ್ ಬೆಂಗಳೂರಿನಲ್ಲಿ ಅಂಗಡಿ ತೆರೆಯಿತು, ಅದೇ ವರ್ಷ ಡೊಮಿನೋಸ್ ದಿಲ್ಲಿಗೆ ಬಂತು. ಎರಡೂ ಅಮೆರಿಕದ ಕಂಪನಿಗಳು. ದಪ್ಪ ತಳ, ತುಂಬಾ ಚೀಸ್, ಮೇಲೆ ಹತ್ತು ಬಗೆ ಸಾಮಾನು, ಹಿಟ್ಟಿಗೂ ಎಣ್ಣೆ ಸಕ್ಕರೆ. ಅದು ಅದರ ಪಾಡಿಗೆ ಒಂದು ತಿಂಡಿ, ನಾನೂ ತಿನ್ನುತ್ತೇನೆ, ತಕರಾರಿಲ್ಲ. ಬೋರ್ಡಿನಲ್ಲಿ ಇಟಲಿ ಅಂತ ಬರೆದು ಇದನ್ನು ಕೊಟ್ಟಾಗ ಮಾತ್ರ ತಕರಾರು.

ಪಿಜ್ಜಾ ಹುಟ್ಟಿದ ಊರು ನೇಪಲ್ಸ್, ದಕ್ಷಿಣ ಇಟಲಿಯ ಬಂದರು. ಅಲ್ಲಿನವರು ಈ ವಿಷಯದಲ್ಲಿ ನಮಗಿಂತ ಹಠಮಾರಿಗಳು. 1984ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡು ನಿಯಮ ಬರೆದಿಟ್ಟರು. ಹಿಟ್ಟಿಗೆ ಮೈದಾ ಥರದ ನುಣ್ಣಗಿನ ಗೋಧಿ ಹಿಟ್ಟು, ನೀರು, ಉಪ್ಪು, ಈಸ್ಟ್, ಇಷ್ಟೇ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಲಟ್ಟಣಿಗೆ ಮುಟ್ಟುವ ಹಾಗಿಲ್ಲ, ಕೈಯಲ್ಲೇ ತಟ್ಟಿ ಹಿಗ್ಗಿಸಬೇಕು. ಅಗಲ 35 ಸೆಂಟಿಮೀಟರ್ ಮೀರಬಾರದು, ನಡುವೆ ಕಾಲು ಸೆಂಟಿಮೀಟರಿನಷ್ಟು ತೆಳ್ಳಗೆ, ಸುತ್ತಲೂ ಒಂದೆರಡು ಸೆಂಟಿಮೀಟರ್ ಉಬ್ಬಿದ ಅಂಚು. ಬೇಯುವುದು 60ರಿಂದ 90 ಸೆಕೆಂಡ್. ನಿಮಿಷ ಅಲ್ಲ, ಸೆಕೆಂಡ್! ಈ ಪಿಜ್ಜಾ ಮಾಡುವ ಕಸುಬನ್ನು 2017ರಲ್ಲಿ ಯುನೆಸ್ಕೋ ತನ್ನ ಪಾರಂಪರಿಕ ಪಟ್ಟಿಗೂ ಸೇರಿಸಿತು.

ಇದೇ ಒಂದೇ ಇಟಾಲಿಯನ್ ಪಿಜ್ಜಾ ಅಂದುಕೊಳ್ಳಬೇಡಿ. ರೋಮಿನಲ್ಲಿ ತೆಳ್ಳಗೆ ಹಪ್ಪಳದ ಹಾಗೆ ಕಟಕಟ ಅನ್ನುವ ಪಿಜ್ಜಾ ಇದೆ. ದೊಡ್ಡ ಚೌಕ ತಟ್ಟೆಯಲ್ಲಿ ಬೇಯಿಸಿ, ಕತ್ತರಿಸಿ, ತೂಕ ಹಾಕಿ ಮಾರುವುದೂ ಇದೆ. ಅದಕ್ಕೇ ನಿಮ್ಮ ಮಗ ಇಟಲಿಯಲ್ಲಿ ಯಾವ ಊರಲ್ಲಿದ್ದ ಅಂತ ಮೊದಲು ಕೇಳಿ. ರೋಮಿನಲ್ಲಿದ್ದವನಿಗೆ ನೇಪಲ್ಸ್‌ನ ಮೆತ್ತಗಿನ ಪಿಜ್ಜಾ ಕೊಟ್ಟರೆ ಅದಕ್ಕೂ ಮುಖ ಸಿಂಡರಿಸುತ್ತಾನೆ.

ಈಗ ಗುರುತಿಸುವ ವಿಷಯ. ಒಳಗೆ ಹೋದ ಕೂಡಲೇ ಗೋಡೆ ನೋಡಬೇಡಿ, ಒಲೆ ನೋಡಿ. ಹೋದ ವರ್ಷ ನಾನೊಂದು ಕಡೆ ಹೋಗಿದ್ದೆ, ಹೆದ್ದಾರಿ ಪಕ್ಕದ ಜಾಗ. ಗೋಡೆ ತುಂಬಾ ಪೀಸಾ ಗೋಪುರ, ವೆನಿಸಿನ ದೋಣಿ, ಟೇಬಲ್ ಮೇಲೆ ಕೆಂಪು ಬಿಳಿ ಚೌಕಳಿ ಬಟ್ಟೆ, ಹಿಂದಿನಿಂದ ಇಟಾಲಿಯನ್ ಹಾಡು. ಮೆನುವಿನಲ್ಲಿ ಮೂವತ್ತೆರಡು ಬಗೆ ಪಿಜ್ಜಾ, ಅದರ ಹಿಂದಿನ ಪುಟದಲ್ಲೇ ಗೋಬಿ ಮಂಚೂರಿ, ಬಟರ್ ನಾನ್. ಮಾರ್ಗರಿಟಾ, ಅಂದರೆ ಬರೀ ಟೊಮೆಟೊ, ಚೀಸ್, ತುಳಸಿ ಜಾತಿಯ ಬೇಸಿಲ್ ಎಲೆ ಹಾಕಿದ ಪಿಜ್ಜಾ, ಕೇಳಿದೆ. ಬಂದದ್ದನ್ನು ನೋಡಿದ ಕೂಡಲೇ ನನಗೆ ಅನುಮಾನ. ಅಂಚು ಎಲ್ಲಾ ಕಡೆ ಅಳತೆ ಮಾಡಿದ ಹಾಗೆ ಒಂದೇ ಸಮ, ತಳದಲ್ಲಿ ಚುಕ್ಕಿ ಚುಕ್ಕಿ ತೂತು. ಬೇಕರಿ ಪ್ಯಾಕೆಟ್ಟಿನ ರೆಡಿಮೇಡ್ ಬೇಸ್! ಮೇಲೆ ಸಿಹಿ ಸಾಸ್, ಜೊತೆಗೆ ಎರಡು ಕೆಚಪ್ ಪೊಟ್ಟಣ. ತುಳಸಿ ಎಲ್ಲಿ ಅಂತ ಕೇಳಿದೆ. ವೇಟರ್ ಹುಡುಗ ಪಾಪ, ದೇವರ ಫೋಟೋ ಕಡೆ ನೋಡಿದ.

ಇನ್ನೊಂದು ಜಾಗ ಗೊತ್ತು, ತೋಟದ ರಸ್ತೆಯಲ್ಲಿ ಆರು ಟೇಬಲ್ಲಿನ ಚಿಕ್ಕ ಶೆಡ್. ಗೋಡೆ ಮೇಲೆ ಕ್ಯಾಲೆಂಡರ್ ಬಿಟ್ಟರೆ ಏನಿಲ್ಲ. ಪಿಜ್ಜಾ ಐದೇ ಬಗೆ. ಸಂಜೆ ಮಾತ್ರ ಕೊಡುತ್ತಾರೆ, ಹಿಟ್ಟು ಮುಗಿದರೆ ಮುಗಿಯಿತು, ಮೊದಲ ಸಲ ಹೋದಾಗ ನನಗೆ ಸಿಗಲೇ ಇಲ್ಲ. ಸಿಟ್ಟು ಬಂದಿತ್ತು ನಿಜ, ಆದರೆ ಅದೇ ಒಳ್ಳೆ ಗುರುತು. ಹಿಂದಿನ ದಿನ ಕಲಸಿಟ್ಟ ಹಿಟ್ಟು ಇದ್ದಷ್ಟೇ ಇರುತ್ತದೆ, ಗಿರಾಕಿ ಬಂದರು ಅಂತ ಅರ್ಧ ಗಂಟೆಯಲ್ಲಿ ಹೊಸದು ಹುಟ್ಟಿಸೋಕೆ ಆಗಲ್ಲ.

ಆದ್ದರಿಂದ ಆರ್ಡರ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಹಿಟ್ಟು ಯಾವಾಗ ಕಲಸಿದ್ದು?" ಬೆಳಿಗ್ಗೆ, ನಿನ್ನೆ ರಾತ್ರಿ, ನಿನ್ನೆ ಮಧ್ಯಾಹ್ನ ಅಂದರೆ ಕೂತುಕೊಳ್ಳಿ. "ಈಗಲೇ ಫ್ರೆಶ್ ಮಾಡಿಕೊಡ್ತೀವಿ ಸಾರ್" ಅಂದರೆ ಚಹಾ ಕುಡಿದು ಎದ್ದು ಬನ್ನಿ. ನೇಪಲ್ಸ್‌ನಲ್ಲಿ ಹಿಟ್ಟನ್ನು ಕನಿಷ್ಠ ಎಂಟು ಗಂಟೆ, ಎಷ್ಟೋ ಕಡೆ ಇಡೀ ದಿನ ಬಿಡುತ್ತಾರೆ. ಆ ಹೊತ್ತಲ್ಲೇ ಹಿಟ್ಟಿಗೆ ರುಚಿ ಬರುವುದು, ತಿಂದ ಮೇಲೆ ಹೊಟ್ಟೆ ಭಾರ ಆಗದೇ ಇರುವುದು. ದೋಸೆ ಹಿಟ್ಟಿನ ಕಥೆಯೇ ಇದು, ಬೇರೆ ಏನಲ್ಲ. ಗಡಿಬಿಡಿಯಲ್ಲಿ ಸೋಡಾ ಹಾಕಿ ಹೊಯ್ದ ದೋಸೆಗೂ ರಾತ್ರಿಯೆಲ್ಲ ಹುಳಿ ಬಂದ ದೋಸೆಗೂ ವ್ಯತ್ಯಾಸ ನಿಮಗೆ ನಾನು ಹೇಳಿಕೊಡಬೇಕಾ?

ಪಿಜ್ಜಾ ಬಂದ ಮೇಲೆ ಅಂಚನ್ನು ಎತ್ತಿ ತಳ ನೋಡಿ, ನಾಚಿಕೆ ಬೇಡ. ಕರಿ ಕಂದು ಚುಕ್ಕೆಗಳು ಚಿರತೆ ಮೈ ಥರ ಇರಬೇಕು. ಒಂದೇ ಸಮ ಬಿಸ್ಕತ್ ಬಣ್ಣ ಇದ್ದರೆ ಒಲೆಗೆ ಬಿಸಿ ಸಾಲದು. ಅಂಚು ಮುರಿದರೆ ಒಳಗೆ ದೊಡ್ಡ ಚಿಕ್ಕ ಗುಳ್ಳೆಗಳು ಕಾಣಬೇಕು, ಬ್ರೆಡ್ ಥರ ಒತ್ತಾಗಿ ಇರಬಾರದು. ನಡುಭಾಗ ಮೆತ್ತಗೆ, ಸ್ವಲ್ಪ ಒದ್ದೆ ಇರುತ್ತದೆ. ಅದನ್ನು ಬೆಂದಿಲ್ಲ ಅಂತ ವಾಪಸ್ ಕಳಿಸಬೇಡಿ, ನೇಪಲ್ಸ್‌ನದು ಇರುವುದೇ ಹಾಗೆ. ಮತ್ತೆ, ಮೊದಲ ಸಲ ಹೋದಾಗ ಮಾರ್ಗರಿಟಾವನ್ನೇ ಕೇಳಿ. ಟೊಮೆಟೊ, ಮೊಝರೆಲ್ಲಾ, ಎಲೆ, ಎಣ್ಣೆ, ಬೇರೆ ಏನೂ ಇಲ್ಲದ್ದರಿಂದ ತಪ್ಪು ಮುಚ್ಚಿಡೋಕೆ ಜಾಗವೇ ಇರಲ್ಲ. 1889ರಲ್ಲಿ ರಾಣಿ ಮಾರ್ಗರಿಟಾ ನೇಪಲ್ಸ್‌ಗೆ ಬಂದಾಗ ರಫೇಲೆ ಎಸ್ಪೊಸಿಟೊ ಎಂಬುವರು ಇಟಲಿ ಬಾವುಟದ ಮೂರು ಬಣ್ಣದಲ್ಲಿ ಇದನ್ನು ಮಾಡಿಕೊಟ್ಟರು ಅನ್ನುವ ಕಥೆ ಪ್ರಸಿದ್ಧ. ಇತಿಹಾಸಕಾರರು ಅದನ್ನು ಪೂರ್ತಿ ನಂಬುವುದಿಲ್ಲ. ಕಥೆ ಸುಳ್ಳಾದರೂ ಪಿಜ್ಜಾ ಒಳ್ಳೆಯದು.

ನಿಮಗೆ ಚೆನ್ನಾಗೇ ಇತ್ತು ಅಂದಿರಲ್ಲ, ಅದಕ್ಕೆ ಸಂಕೋಚ ಬೇಡ. ಮಗನಿಗೆ ಅವನ ಪಿಜ್ಜಾ, ನಿಮಗೆ ನಿಮ್ಮದು.

ಪ್ರಶ್ನೆ: ನಮ್ಮ ಹೋಮ್‌ಸ್ಟೇಯಲ್ಲಿ ಪಿಜ್ಜಾಗೆ ಸೌದೆ ಒಲೆ ಕಟ್ಟಿಸಬೇಕು ಅಂತಿದ್ದೇವೆ. ಸೌದೆ ಒಲೆ ಇಲ್ಲದೆ ಇಟಾಲಿಯನ್ ಪಿಜ್ಜಾ ಆಗೋದೇ ಇಲ್ಲ ಅಂತಾರೆ, ಹೌದಾ? ಕಾಫಿ ಕಟ್ಟಿಗೆ ನಡೆಯುತ್ತಾ? (ಓದುಗರು, ನಾಪೋಕ್ಲು)

ಸೌದೆಗಿಂತ ಮುಖ್ಯ ಬಿಸಿ. ಒಲೆಯ ನೆಲ 400 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮೇಲಿನ ಗುಮ್ಮಟ ಅದಕ್ಕಿಂತ ಜಾಸ್ತಿ ಕಾಯಬೇಕು. ಆಗ ಹಿಟ್ಟಿನೊಳಗಿನ ನೀರು ಪಕ್ಕನೆ ಆವಿಯಾಗಿ ಅಂಚು ಬಲೂನಿನ ಹಾಗೆ ಉಬ್ಬುತ್ತದೆ, ಒಣಗುವುದಕ್ಕೆ ಸಮಯವೇ ಇಲ್ಲ. 250 ಡಿಗ್ರಿಯ ಓವನ್ನಿನಲ್ಲಿ ಅದೇ ಹಿಟ್ಟು ಎಂಟು ಹತ್ತು ನಿಮಿಷ ಕೂತು ರಸ್ಕ್ ಆಗುತ್ತದೆ. ಒಂದೂವರೆ ನಿಮಿಷದಲ್ಲಿ ಬೇಯುವ ಪಿಜ್ಜಾಗೆ ಹೊಗೆ ವಾಸನೆ ಹಿಡಿಯೋಕೆ ಎಲ್ಲಿ ಪುರುಸೊತ್ತು? 'ವುಡ್ ಫೈರ್ಡ್' ಅಂತ ದೊಡ್ಡದಾಗಿ ಬರೆದು, ಎರಡು ಕೊಳ್ಳಿ ಇಟ್ಟು, ಒಲೆ ಕಾಯುವ ಮೊದಲೇ ಪಿಜ್ಜಾ ತಳ್ಳುವವರನ್ನು ನೋಡಿದ್ದೇನೆ. ಅದಕ್ಕಿಂತ ಚೆನ್ನಾಗಿ ಕಾದ ಗ್ಯಾಸ್ ಓವನ್ ಎಷ್ಟೋ ವಾಸಿ. ನೇಪಲ್ಸ್‌ನ ಆ ಸಂಘವೇ ಕೆಲವು ಗ್ಯಾಸ್, ಕರೆಂಟ್ ಓವನ್‌ಗಳನ್ನು ಒಪ್ಪಿಕೊಂಡಿದೆ.

ಕಾಫಿ ಕಟ್ಟಿಗೆ ಧಾರಾಳವಾಗಿ ನಡೆಯುತ್ತದೆ. ಗಟ್ಟಿ ಮರ, ಚೆನ್ನಾಗಿ ಕೆಂಡ ಆಗುತ್ತದೆ, ಹಳೇ ಗಿಡ ಕಿತ್ತು ಹೊಸದು ನೆಟ್ಟವರ ತೋಟದಲ್ಲಿ ಬುಡ ಬೇಕಾದಷ್ಟು ಬಿದ್ದಿರುತ್ತದೆ. ನಮ್ಮೂರಲ್ಲಿ ಕಷ್ಟ ಮರದ್ದಲ್ಲ, ಮಳೆಯದ್ದು. ಜೂನಿನಲ್ಲಿ ಕಡಿದ ಹಸಿ ಸೌದೆ ತಂದು ಆಗಸ್ಟಿನಲ್ಲಿ ಉರಿಸಿದರೆ ಹೊಗೆ ಬರುತ್ತೆ, ಬಿಸಿ ಬರಲ್ಲ. ಬೇಸಿಗೆಯಲ್ಲೇ ಸೀಳಿ, ಒಲೆಯ ಮೇಲೆ ಅಟ್ಟದಲ್ಲಿ ಪೇರಿಸಿ ಒಣಗಿಸಿಡಿ, ನಿಮ್ಮ ಅಜ್ಜಿ ಮಾಡುತ್ತಿದ್ದ ಹಾಗೆ. ಇನ್ನೊಂದು, ಒಲೆಗೆ ಸಾದಾ ಇಟ್ಟಿಗೆ ಸಿಮೆಂಟ್ ಬೇಡ, ಬೆಂಕಿ ತಡೆಯುವ ಫೈರ್ ಬ್ರಿಕ್ ತರಿಸಿ. ಸಿಮೆಂಟ್ ಗಾರೆ ಆ ಬಿಸಿಗೆ ಬಿರುಕು ಬಿಟ್ಟು ಉದುರಿ ಪಿಜ್ಜಾ ಮೇಲೇ ಬೀಳುತ್ತದೆ. ಕಟ್ಟಿಸಿದ ಮೇಲೆ ಕೂಡಲೇ ಜೋರು ಬೆಂಕಿ ಹಾಕಬೇಡಿ. ಕೆಲವು ದಿನ ಸಣ್ಣ ಬೆಂಕಿ ಹಾಕಿ ಒಳಗಿನ ತೇವ ಹೋಗಲಾಡಿಸಿ. ದಿನಕ್ಕೆ ನಾಲ್ಕು ಜನ ಅತಿಥಿ ಬರುವ ಮನೆಗೆ ಇಷ್ಟೆಲ್ಲಾ ಬೇಕಾ ಅಂತಲೂ ಒಂದು ಸಲ ಯೋಚಿಸಿ. ಒಲೆ ಸರಿಯಾಗಿ ಕಾಯೋಕೇ ಒಂದೆರಡು ಗಂಟೆ ಬೇಕು, ಅಷ್ಟು ಸೌದೆ ಸುಟ್ಟು ನಾಲ್ಕು ಪಿಜ್ಜಾ ಮಾಡೋದು ದುಬಾರಿ.

ಪ್ರಶ್ನೆ: ಹೋಟೆಲಿನವರು 'ಇಂಪೋರ್ಟೆಡ್ ಸಾಮಾನು' ಅಂತ ಹೇಳಿ ರೇಟು ಡಬಲ್ ಮಾಡುತ್ತಾರೆ. ಇಟಲಿಯ ಹಿಟ್ಟು, ಟೊಮೆಟೊ, ಚೀಸ್ ಇಲ್ಲದಿದ್ದರೆ ಇಟಾಲಿಯನ್ ಅನ್ನೋಕಾಗಲ್ವಾ? (ಓದುಗರು, ಕುಶಾಲನಗರ)

ಅನ್ನಬಹುದು, ನನ್ನ ಪ್ರಕಾರ. ಮಾಡುವ ರೀತಿ ಇಟಲಿಯದಾಗಿದ್ದರೆ ಸಾಕು.

ಹಿಟ್ಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ಸತ್ಯ ಇದೆ. ಅವರ 'ಡಬಲ್ ಝೀರೋ' ಅನ್ನುವುದು ಹಿಟ್ಟು ಎಷ್ಟು ಶುದ್ಧ ಮಾಡಿ ಬೀಸಿದ್ದು ಅನ್ನುವ ಗುರುತು, ನಮ್ಮ ಮೈದಾಗೆ ಹತ್ತಿರ. ಆದರೆ ಪಿಜ್ಜಾಗೆ ಅಂತ ಬರುವ ಹಿಟ್ಟಿನಲ್ಲಿ ಪ್ರೋಟೀನ್ ಜಾಸ್ತಿ, 100 ಗ್ರಾಮಿಗೆ 11ರಿಂದ 13 ಗ್ರಾಂ. ಅದಕ್ಕೇ ಹಿಟ್ಟು ಹರಿಯದೆ ಹಿಗ್ಗುತ್ತದೆ, ಇಡೀ ದಿನ ಇಟ್ಟರೂ ಸೋಲುವುದಿಲ್ಲ. ಮಾಮೂಲಿ ಮೈದಾದಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಪ್ಯಾಕೆಟ್ ಹಿಂದೆ ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ. 11 ಇರುವ ದೇಸಿ ಬ್ರೆಡ್ ಹಿಟ್ಟು ಸಿಕ್ಕರೆ ಇಟಲಿ ಹಿಟ್ಟಿನ ಹಂಗು ಬೇಡ.

ಟೊಮೆಟೊಗೆ ಬಂದರೆ, ವೆಸುವಿಯಸ್ ಜ್ವಾಲಾಮುಖಿ ಬುಡದ ಕಡೆ ಬೆಳೆಯುವ ಸ್ಯಾನ್ ಮಾರ್ಜಾನೊ ಹೆಸರುವಾಸಿ. ಉದ್ದ, ಬೀಜ ಕಡಿಮೆ, ತಿರುಳು ಜಾಸ್ತಿ, ಹುಳಿ ಹಿತವಾಗಿ. ಡಬ್ಬಿಯಲ್ಲಿ ಬರುತ್ತದೆ, ದುಬಾರಿ. ನಮ್ಮ ಸಂತೆಯ ಹೈಬ್ರಿಡ್ ಟೊಮೆಟೊ ಲಾರಿಯಲ್ಲಿ ಜಜ್ಜದೆ ಬರಲಿ ಅಂತ ಬೆಳೆಸಿದ್ದು, ಗಟ್ಟಿ ಸಿಪ್ಪೆ, ರುಚಿ ಅಷ್ಟಕ್ಕಷ್ಟೇ. ಚೆನ್ನಾಗಿ ಹಣ್ಣಾದ್ದನ್ನು ಆರಿಸಿ, ಬಿಸಿನೀರಲ್ಲಿ ಅದ್ದಿ ಸಿಪ್ಪೆ ತೆಗೆದು, ಬೀಜದ ನೀರು ಸೋಸಿ, ಕೈಯಲ್ಲಿ ಹಿಚುಕಿ ಉಪ್ಪು ಹಾಕಿದರೆ ಆಯಿತು. ಕುದಿಸುವುದೇ ಬೇಡ! ಅಲ್ಲಿನವರು ಮಾರ್ಗರಿಟಾಗೆ ಸಾಸ್ ಬೇಯಿಸುವುದಿಲ್ಲ, ಅದು ಬೇಯುವುದು ಒಲೆಯೊಳಗೇ. ಈರುಳ್ಳಿ ಬೆಳ್ಳುಳ್ಳಿ ಸಕ್ಕರೆ ಹಾಕಿ ಒಂದು ಗಂಟೆ ಕುದಿಸಿದ ಸಾಸ್ ಕಂಡರೆ ಅದು ಬೇರೆ ಊರಿನ ದಾರಿ ಅಂತ ತಿಳಿದುಕೊಳ್ಳಿ.

ಚೀಸ್. ಇಲ್ಲೇ ಮೋಸ ಜಾಸ್ತಿ. ಎಳೆದಷ್ಟೂ ದಾರ ಬರುವುದೇ ಒಳ್ಳೆ ಚೀಸ್ ಅಂತ ಜಾಹೀರಾತು ನಮ್ಮ ತಲೆಗೆ ತುಂಬಿಸಿದೆ. ನೇಪಲ್ಸ್ ಕಡೆ ಎಮ್ಮೆ ಹಾಲಿನ ಮೊಝರೆಲ್ಲಾ, ಇಲ್ಲಾ ಹಸುವಿನ ಹಾಲಿನ 'ಫಿಯೊರ್ ದಿ ಲಾತ್ತೆ'. ನೀರಿನಲ್ಲಿ ತೇಲುವ ಬಿಳಿ ಉಂಡೆ, ಹಾಲಿನ ಘಮ. ಅದನ್ನು ಹರಿದು ಅಲ್ಲಲ್ಲಿ ಇಡುತ್ತಾರೆ, ಹೊದಿಕೆ ಹಾಸುವುದಿಲ್ಲ. ಕೆಂಪಿನ ನಡುವೆ ಬಿಳಿ ದ್ವೀಪ ಕಾಣಬೇಕು. ಇದನ್ನು ಹಡಗಿನಲ್ಲಿ ತರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಮಠದ ಕ್ರೈಸ್ತ ಸನ್ಯಾಸಿಗಳೇ ಇಟಲಿ ರೀತಿಯ ಮೊಝರೆಲ್ಲಾ ಮಾಡುತ್ತಾರೆ. ಹೋಟೆಲಿನವರು ಬೆಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ತರಿಸಿದರೆ ಅದಕ್ಕೆ ದುಡ್ಡು ಕೊಡಬಹುದು. ಡಬ್ಬಿ ಆಲಿವ್‌ಗೂ ಒಣಗಿದ ಓರೆಗಾನೊ ಪೊಟ್ಟಣಕ್ಕೂ ಡಬಲ್ ರೇಟು ಕೊಡಬೇಡಿ.

ಎಲೆ ಮಾತ್ರ ನಮ್ಮ ಹಿತ್ತಲಲ್ಲೇ ಇದೆ. ಬೇಸಿಲ್ ಅಂದರೆ ಪೂಜೆಯ ತುಳಸಿ ಅಲ್ಲ, ಕಾಮಕಸ್ತೂರಿ. ಬೀಜ ನೆನೆಸಿ ಶರಬತ್ತಿಗೆ ಹಾಕುತ್ತೀವಲ್ಲ, ಅದೇ ಗಿಡ. ಇಟಲಿಯ ತಳಿ ಎಲೆ ದೊಡ್ಡದು, ಸಿಹಿ ವಾಸನೆ, ನಮ್ಮದು ಸ್ವಲ್ಪ ಖಾರ. ಓರೆಗಾನೊ ಸಿಗದಿದ್ದರೆ ದೊಡ್ಡಪತ್ರೆ ಎಲೆ ಹೆಚ್ಚಿ ಚಿಟಿಕೆಯಷ್ಟು ಹಾಕಿ ನೋಡಿ, ವಾಸನೆ ಆಶ್ಚರ್ಯ ಆಗುವಷ್ಟು ಹತ್ತಿರ. ಚಿಟಿಕೆ ಅಂದರೆ ಚಿಟಿಕೆ. ಜಾಸ್ತಿ ಆದರೆ ಪಿಜ್ಜಾ ತಿಂದ ಹಾಗಲ್ಲ, ಕೆಮ್ಮಿನ ಕಷಾಯ ಕುಡಿದ ಹಾಗಾಗುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಚೀಸ್‌ಗೆ ಕರುವಿನ ಹೊಟ್ಟೆಯ ಅಂಶ ಹಾಕ್ತಾರೆ ಅಂತ ಕೇಳಿ ಗಾಬರಿಯಾಗಿದೆ. (ಓದುಗರು, ಭಾಗಮಂಡಲ)

ಕೆಲವಕ್ಕೆ ಹಾಕುವುದು ನಿಜ. ಮೇಲೆ ತುರಿದು ಹಾಕುವ ಪಾರ್ಮಿಜಾನೊ ರೆಜಾನೊ ಅನ್ನುವ ಗಟ್ಟಿ ಚೀಸ್ ಅದಿಲ್ಲದೆ ಆಗುವುದೇ ಇಲ್ಲ, ನಿಯಮವೇ ಹಾಗಿದೆ. ಅದನ್ನು ಹಾಕಬೇಡಿ ಅಂತ ಹೇಳಿಬಿಡಿ. ನಮ್ಮ ದೇಶದ ಮೊಝರೆಲ್ಲಾ ಪ್ಯಾಕೆಟ್ಟಿನಲ್ಲಿ ಹಸಿರು ಚುಕ್ಕೆ ಇದ್ದರೆ ಚಿಂತೆ ಇಲ್ಲ. ಅದೂ ಬೇಡ ಅನ್ನಿಸಿದರೆ ಮರಿನಾರಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಇಷ್ಟೇ. ಚೀಸ್ ಇಲ್ಲವೇ ಇಲ್ಲ. ಹೆಸರಲ್ಲಿ ಸಮುದ್ರ ಇದೆ, ಒಳಗೆ ಮೀನಿಲ್ಲ. ಮಾರ್ಗರಿಟಾಗಿಂತ ಹಳೆಯದು ಇದು. ಕೊಡಗಿನ ಮೆನುಗಳಲ್ಲಿ ನನಗೆ ಕಂಡಿದ್ದು ಕಡಿಮೆ, ಆದರೆ ಒಳ್ಳೆ ಅಡುಗೆಯವನಿಗೆ ಕೇಳಿದರೆ ಖುಷಿಯಿಂದ ಮಾಡಿಕೊಡುತ್ತಾನೆ.

ಪ್ರಶ್ನೆ: ಪಂದಿಕರಿ ಹಾಕಿದ ಪಿಜ್ಜಾ ತಿಂದೆ. ನನಗೆ ಇಷ್ಟ ಆಯ್ತು, ಅಜ್ಜಿಗೆ ಹೇಳಿದರೆ ಬೈದರು, ಫ್ರೆಂಡ್ಸ್‌ಗೆ ಹೇಳಿದರೆ ಇಟಲಿಯವರು ಹೊಡೀತಾರೆ ಅಂದರು. ನಾನು ಮಾಡಿದ್ದು ತಪ್ಪಾ? (ಓದುಗರು, ಪೊನ್ನಂಪೇಟೆ)

ಅಜ್ಜಿ ಬೈದದ್ದು ಸರಿ, ಅದು ಅವರ ಹಕ್ಕು. ಇಟಲಿಯವರು ಹೊಡೆಯಲ್ಲ, ಅವರೂ ಹಂದಿ ಮಾಂಸ ಪ್ರಿಯರೇ. ಪ್ರಶುತ್ತೊ, ಸಲಾಮಿ ಎಲ್ಲಾ ಅದೇ ತಾನೇ. ದಕ್ಷಿಣದ ಕಲಾಬ್ರಿಯಾದಲ್ಲಿ 'ಎಂದುಯಾ' ಅಂತ ಮೆಣಸಿನಕಾಯಿ ತುಂಬಿದ, ಸವರುವಷ್ಟು ಮೆತ್ತಗಿನ ಹಂದಿ ಮಾಂಸದ ಸಾಸೇಜ್ ಇದೆ, ನಮ್ಮ ನಾಲಿಗೆಗೆ ಸರಿಯಾಗಿ ಹಿಡಿಸುತ್ತದೆ. ಅವರು ಸಿಟ್ಟಾಗುವುದು ಅನಾನಸಿಗೆ. ಅದನ್ನು 1962ರಲ್ಲಿ ಶುರು ಮಾಡಿದ್ದು ಕೆನಡಾದಲ್ಲಿದ್ದ ಗ್ರೀಕ್ ಮೂಲದ ಹೋಟೆಲಿನವರು, ಸ್ಯಾಮ್ ಪನೊಪೊಲಸ್, ಹೆಸರಿಟ್ಟದ್ದು ಹವಾಯಿಯದ್ದು. ಇಟಲಿಗೆ ಇದರಲ್ಲಿ ಯಾವ ಪಾಲೂ ಇಲ್ಲ.

ನನ್ನ ತಕರಾರು ಬೇರೆ. ಕರಿ ಅಂದರೆ ರಸ ಇರುತ್ತದೆ, ರಸ ಹಾಕಿದರೆ ತಳ ಒದ್ದೆ ಮುದ್ದೆ. ಪಂದಿಯನ್ನು ಒಣಗುವ ಹಾಗೆ ಹುರಿದು, ಚಿಕ್ಕದಾಗಿ ಹೆಚ್ಚಿ, ಟೊಮೆಟೊ ಸಾಸ್ ಬಿಟ್ಟು ಬರೀ ಚೀಸ್ ಮೇಲೆ ಉದುರಿಸಿ, ಒಲೆಯಿಂದ ತೆಗೆದ ಮೇಲೆ ಕಾಚಂಪುಳಿ ನಾಲ್ಕೇ ಹನಿ ಹಾಕಿದರೆ ಅದರ ಗತ್ತೇ ಬೇರೆ. ಟೊಮೆಟೊ ಹುಳಿ ಮತ್ತು ಕಾಚಂಪುಳಿ ಎರಡೂ ಒಟ್ಟಿಗೆ ಬೇಡ, ಜಗಳ ಆಡುತ್ತವೆ. ಇದನ್ನು ಮಾರುವವರು ಇಟಾಲಿಯನ್ ಅಂತ ಹೆಸರಿಡದೆ ಪಂದಿ ಪಿಜ್ಜಾ ಅಂತಲೇ ಇಟ್ಟರೆ ಎರಡೂ ಊರಿನ ಅಜ್ಜಿಯರು ಸುಮ್ಮನಿರುತ್ತಾರೆ.

ಪ್ರಶ್ನೆ: ಪೆಪ್ಪರೋನಿ ಪಿಜ್ಜಾ ಕೇಳಿದರೆ ಒಂದು ಕಡೆ ಬರೀ ದಪ್ಪ ಮೆಣಸಿನಕಾಯಿ ಹಾಕಿ ಕೊಟ್ಟರು. ಜಗಳ ಮಾಡಿ ಬಂದೆ. (ಓದುಗರು, ವಿರಾಜಪೇಟೆ)

ಜಗಳ ಮಾಡಬಾರದಿತ್ತು! ಇಟಾಲಿಯನ್ ಭಾಷೆಯಲ್ಲಿ ಪೆಪೆರೋನಿ ಅಂದರೆ ದಪ್ಪ ಮೆಣಸಿನಕಾಯಿಯೇ. ಮಾಂಸದ ಪೆಪ್ಪರೋನಿ ಅಮೆರಿಕದ್ದು. ಆ ಅಡುಗೆಯವನಿಗೆ ಗೊತ್ತಿದ್ದು ಮಾಡಿದನೋ, ಸ್ಟಾಕ್ ಇರಲಿಲ್ಲವೋ, ದೇವರಿಗೇ ಗೊತ್ತು. ಇನ್ನೊಂದು ಸಲ ಹೋಗಿ ಮಾರ್ಗರಿಟಾ ಕೇಳಿ ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ: ನಮಗೆ ಪೇಟೆ ಹದಿನಾಲ್ಕು ಕಿಲೋಮೀಟರ್. ಪಾರ್ಸೆಲ್ ತಂದರೆ ಚರ್ಮದ ಹಾಗಾಗಿರುತ್ತದೆ. ಹೋಟೆಲಿನವರು ಸರಿಯಾಗಿ ಮಾಡ್ತಿಲ್ವಾ? (ಓದುಗರು, ಸೋಮವಾರಪೇಟೆ)

ತಪ್ಪು ಹೋಟೆಲಿನದ್ದಲ್ಲ, ಡಬ್ಬಿಯದ್ದು. ಬಿಸಿ ಪಿಜ್ಜಾವನ್ನು ಮುಚ್ಚಿಟ್ಟರೆ ಅದರ ಹಬೆ ಅದಕ್ಕೇ ಇಳಿಯುತ್ತದೆ. ನೇಪಲ್ಸ್ ಥರದ್ದು ಐದು ನಿಮಿಷದ ತಿಂಡಿ, ಬಿಸಿ ದೋಸೆಯನ್ನು ಯಾರಾದರೂ ಸೋಮವಾರಪೇಟೆ ರಸ್ತೆಯ ತಿರುವುಗಳಲ್ಲಿ ಹದಿನಾಲ್ಕು ಕಿಲೋಮೀಟರ್ ಒಯ್ಯುತ್ತಾರಾ? ಪಾರ್ಸೆಲ್‌ಗೆ ಅಮೆರಿಕದ ದಪ್ಪ ಪಿಜ್ಜಾನೇ ಸರಿ, ಇದು ಅಂಗಡಿಯಲ್ಲೇ ಕೂತು ತಿನ್ನುವಂಥದ್ದು. ಹೋದಾಗ ನಾಲ್ಕು ಜನಕ್ಕೆ ಒಂದು ಲಾರ್ಜ್ ಹೇಳಿ ಹಂಚಿಕೊಳ್ಳಬೇಡಿ. ಇಟಲಿಯಲ್ಲಿ ತಲೆಗೊಂದು ಪಿಜ್ಜಾ, ಕತ್ತರಿಸದೆ ಇಡೀದೇ ತಂದಿಡುತ್ತಾರೆ. ಚಾಕು ಫೋರ್ಕಿನಲ್ಲೂ ತಿನ್ನುತ್ತಾರೆ, ಕೈಯಲ್ಲೂ. ಬೀದಿಯಲ್ಲಿ ಕೊಂಡವರು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ನಿಂತೇ ತಿನ್ನುತ್ತಾರೆ. ತಂದಿದ್ದು ತಣ್ಣಗಾಗಿದ್ದರೆ ಮೈಕ್ರೋವೇವ್ ಬೇಡ. ಕಾದ ಕಬ್ಬಿಣದ ಕಾವಲಿ ಮೇಲೆ ಎರಡು ನಿಮಿಷ ಇಡಿ, ತಳ ಮತ್ತೆ ಗರಿ ಆಗುತ್ತದೆ.

ಪ್ರಶ್ನೆ: ಮನೆಯಲ್ಲಿ ಚಿಕ್ಕ ಓಟಿಜಿ (ಕರೆಂಟ್ ಓವನ್) ಇದೆ. ಹತ್ತಿರದಲ್ಲಿ ಒಳ್ಳೆ ಪಿಜ್ಜಾ ಇಲ್ಲದವರು ಮನೆಯಲ್ಲೇ ಮಾಡಿಕೊಳ್ಳಬಹುದಾ? (ಓದುಗರು, ಸುಂಟಿಕೊಪ್ಪ)

ನೇಪಲ್ಸ್ ಆಗಲ್ಲ, ಆದರೆ ಪ್ಯಾಕೆಟ್ ಬೇಸಿಗಿಂತ ಎಷ್ಟೋ ಮೇಲು. ಅರ್ಧ ಕಿಲೋ ಹಿಟ್ಟು, 320 ಮಿಲಿಲೀಟರ್ ನೀರು, 12 ಗ್ರಾಂ ಉಪ್ಪು, ಕಾಲು ಚಮಚ ಇನ್‌ಸ್ಟಂಟ್ ಈಸ್ಟ್. ಹತ್ತು ನಿಮಿಷ ನಾದಿ, ಮುಚ್ಚಿ, ರಾತ್ರಿ ಬಿಡಿ. ಮಳೆಗಾಲದ ಚಳಿಗೆ ಬೆಳಿಗ್ಗೆ ನೋಡಿದರೆ ಏನೂ ಆಗಿರುವುದಿಲ್ಲ, ಗಾಬರಿ ಬೇಡ, ಈಸ್ಟ್ ಮತ್ತೆ ಸುರಿಯಲೂ ಬೇಡ. ಮಧ್ಯಾಹ್ನದವರೆಗೆ ಬಿಡಿ. ನಮ್ಮೂರಿನ ಚಳಿ ಇಲ್ಲಿ ಉಪಕಾರವೇ, ನಿಧಾನಕ್ಕೆ ಬಂದ ಹಿಟ್ಟಿಗೆ ರುಚಿ ಜಾಸ್ತಿ. ಏಪ್ರಿಲಿನಲ್ಲಿ ಮಾಡುವುದಾದರೆ ಈಸ್ಟ್ ಅರ್ಧ ಮಾಡಿ. ನಾಲ್ಕು ಉಂಡೆ ಮಾಡಿ, ಮತ್ತೆ ಎರಡು ಗಂಟೆ ಬಿಟ್ಟು, ಬೆರಳಲ್ಲಿ ನಡುವಿನಿಂದ ಹೊರಗೆ ಒತ್ತುತ್ತಾ ಹಿಗ್ಗಿಸಿ. ಅಂಚು ಮುಟ್ಟಬೇಡಿ, ಗಾಳಿಯೆಲ್ಲ ಅಲ್ಲೇ ಇರುವುದು.

ಓಟಿಜಿಯಲ್ಲಿ ಹಿಡಿ ಇಲ್ಲದ ಕಬ್ಬಿಣದ ಕಾವಲಿಯನ್ನು ಬೋರಲಾಗಿ ಇಟ್ಟು, 250 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ. ಪಿಜ್ಜಾವನ್ನು ಅದರ ಮೇಲೇ ಜಾರಿಸಿ. ಮೊದಲು ಟೊಮೆಟೊ ಮಾತ್ರ ಹಾಕಿ ನಾಲ್ಕು ನಿಮಿಷ, ಆಮೇಲೆ ಚೀಸ್ ಹಾಕಿ ಇನ್ನು ಮೂರು ನಾಲ್ಕು ನಿಮಿಷ. ಚೀಸ್ ಮೊದಲೇ ಹಾಕಿದರೆ ತಳ ಬೇಯುವಷ್ಟರಲ್ಲಿ ಅದು ಸುಟ್ಟು ಎಣ್ಣೆ ಬಿಡುತ್ತದೆ. ಕರೆಂಟ್ ಇರುವ ದಿನ ನೋಡಿಕೊಂಡು ಮಾಡಿ. ಮುಕ್ಕಾಲು ಗಂಟೆ ಕಾಯಿಸಿದ ಮೇಲೆ ಲೈನ್ ಹೋದರೆ ಆಗುವ ಸಂಕಟ ನನಗೆ ಗೊತ್ತು, ಹೋದ ಜುಲೈನಲ್ಲಿ ಎರಡು ಸಲ ಅನುಭವಿಸಿದ್ದೇನೆ. ಎರಡನೇ ಸಲ ಅದೇ ಹಿಟ್ಟನ್ನು ಸೌದೆ ಒಲೆಯ ಕಾವಲಿ ಮೇಲೆ ರೊಟ್ಟಿ ತಟ್ಟಿ, ಏಲಕ್ಕಿ ಹಾಕಿದ ಜೇನುತುಪ್ಪದ ಜೊತೆ ತಿಂದೆವು. ಚೆನ್ನಾಗಿತ್ತು.

ಪ್ರಶ್ನೆ: ಪಿಜ್ಜಾ ಜೊತೆ ಕಾಫಿ ಕುಡಿದರೆ ಮಗಳು ನಗುತ್ತಾಳೆ. ನಾವು ಕಾಫಿ ಬೆಳೆಯೋರು, ಕುಡಿಯಬಾರದಾ? (ಓದುಗರು, ಸಿದ್ದಾಪುರ)

ಇಟಲಿಯವರು ಪಿಜ್ಜಾ ಜೊತೆ ಕುಡಿಯುವುದು ನೀರು, ಇಲ್ಲಾ ಬಿಯರ್. ಕಾಫಿ ಊಟ ಮುಗಿದ ಮೇಲೆ, ಅದೂ ಹಾಲಿಲ್ಲದ ಚಿಕ್ಕ ಲೋಟ ಎಸ್ಪ್ರೆಸೊ. ಹಾಲು ಹಾಕಿದ ಕ್ಯಾಪುಚಿನೊ ಅವರಿಗೆ ಬೆಳಗಿನ ತಿಂಡಿಗೆ ಮಾತ್ರ. ಆದರೆ ಭಾರತದ ಕಾಫಿ ಅತಿ ಹೆಚ್ಚು ಹೋಗುವುದು ಇಟಲಿಗೇ. ಅವರ ಎಸ್ಪ್ರೆಸೊಗೆ ನೊರೆ, ಗಡಸು ಬರಲಿ ಅಂತ ನಮ್ಮ ಕಡೆಯ ರೋಬಸ್ಟಾ ಸೇರಿಸುತ್ತಾರೆ. ನಿಮ್ಮ ತೋಟದ್ದೂ ಅಲ್ಲಿ ಯಾರದೋ ಲೋಟ ಸೇರಿರಬಹುದು, ಮಗಳಿಗೆ ಹೇಳಿ. ರಾತ್ರಿ ಎಂಟಕ್ಕೆ ಪಿಜ್ಜಾ ಜೊತೆ ಹಾಲು ಕಾಫಿ ಕೇಳಿದರೆ ನೇಪಲ್ಸ್‌ನ ವೇಟರ್ ಹುಬ್ಬೇರಿಸುತ್ತಾನೆ. ಸಿದ್ದಾಪುರದಲ್ಲಿ ಯಾರೂ ಏನೂ ಅನ್ನಲ್ಲ, ಧೈರ್ಯವಾಗಿ ಕೇಳಿ, ಬೆಲ್ಲ ಹಾಕಿಸಿಕೊಂಡೇ ಕುಡಿಯಿರಿ.